ಎಣ್ಣೆ ಸಿಗದ ಗುಂಪಿನಲ್ಲಿ ಆರು ತಿಂಗಳು

ಮೊಣಕಾಲು ನೋವಿನ ಚಿಕಿತ್ಸೆಯ ಒಂದು ಅಧ್ಯಯನಕ್ಕೆ ನಾನು ಸೇರಿದ್ದೆ, ಕಳೆದ ಶುಕ್ರವಾರ ಅದರಲ್ಲಿ ನನ್ನ ಕೊನೆಯ ಅಳತೆ ಮುಗಿಯಿತು. ಕೈಗಳನ್ನು ಎದೆಗೆ ಅಡ್ಡ ಕಟ್ಟಿಕೊಂಡು ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳಬಲ್ಲೆನೆಂದು ಎಣಿಸಿದರು, ಹತ್ತು ಸೆಂಟಿಮೀಟರಿನ ಗೆರೆಯೊಂದರ ಮೇಲೆ ನೋವು ಎಲ್ಲಿದೆಯೆಂದು ಗುರುತು ಹಾಕಿಸಿಕೊಂಡರು, ಸಹಿ ಪಡೆದು ಕಳುಹಿಸಿದರು. ಮನೆಗೆ ಬಂದು ಚೀಲ ಇಡುವುದರೊಳಗೆ ಫೋನು. ನೀರ್ಚಾಲಿನಿಂದ ಪರಿಚಯದವರೊಬ್ಬರು. "ಟೀಚರೇ, ಅಲ್ಲಿ ಮೊಣಕಾಲಿಗೆ ಧರ್ಮಕ್ಕೆ ಎಣ್ಣೆ ಹಾಕುತ್ತಾರಂತೆ, ಹೌದೇ? ನಾನೂ ಸೇರಬಹುದೇ?" ಇಂಥ ಫೋನು ಇದು ನಾಲ್ಕನೆಯದು. ಒಬ್ಬೊಬ್ಬರಿಗೆ ಹೇಳಿ ಗಂಟಲು ಒಣಗಿಸಿಕೊಳ್ಳುವ ಬದಲು ಬರೆದೇ ಬಿಡುತ್ತೇನೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ನನಗೆ ಎಣ್ಣೆ ಸಿಗಲಿಲ್ಲ.

ನನ್ನ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮೂವತ್ತೊಂದು ವರ್ಷ ಕನ್ನಡ ಮಾಧ್ಯಮ ಶಾಲೆಯಲ್ಲಿ ನಿಂತುಕೊಂಡೇ ಪಾಠ ಮಾಡಿದ ಕಾಲು ಇದು. ವಯಸ್ಸು 59. ಯಜಮಾನರು ತೀರಿಕೊಂಡು ಮೂರು ವರ್ಷ, ಮಗ ಬೆಂಗಳೂರಿನಲ್ಲಿ, ಒಂದೂವರೆ ಎಕರೆ ಅಡಿಕೆ ತೋಟ ನನ್ನ ಪಾಲಿಗೆ. ಎರಡು ವರ್ಷಗಳಿಂದ ಬಲ ಮೊಣಕಾಲು ಮಾತು ಕೇಳುವುದಿಲ್ಲ. ಮೆಟ್ಟುಕತ್ತಿಯ (ಈಳಿಗೆಮಣೆಯ) ಮುಂದೆ ಕುಳಿತು ಒಂದು ಹಲಸಿನಕಾಯಿ ಕೊರೆದರೆ ಏಳಲು ಗೋಡೆ ಬೇಕು. ಗುಡ್ಡ ಕೊರೆದು ನೀರು ತರುವ ಸುರಂಗದ ಬಾಯಿಯಲ್ಲಿ ಪೈಪಿಗೆ ಎಲೆ ಸಿಕ್ಕಿಕೊಂಡರೆ, ಮೊದಲು ನಾನೇ ಇಳಿದು ತೆಗೆಯುತ್ತಿದ್ದವಳು ಈಗ ಆಳಿಗೆ ಕಾಯಬೇಕು.

ಕಳೆದ ಜೂನಿನಲ್ಲಿ ನಮ್ಮ ಆಶಾ ಕಾರ್ಯಕರ್ತೆ ಒಂದು ಚೀಟಿ ಕೊಟ್ಟಳು. ನಮ್ಮ ಜಿಲ್ಲೆಯದೇ ಹೊಸದುರ್ಗದ ಕಡೆಯ ಒಂದು ಆಸ್ಪತ್ರೆಯಲ್ಲಿ ಮೊಣಕಾಲಿನ ಸವೆತಕ್ಕೆ ಯೋಗ, ಆಯುರ್ವೇದ, ವ್ಯಾಯಾಮ ಎಲ್ಲವನ್ನೂ ಸೇರಿಸಿ ಕೊಟ್ಟರೆ ಏನಾಗುತ್ತದೆಂದು ನೋಡುವ ಅಧ್ಯಯನ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಕೆಲವು ಕಡೆ ನಾನು ಗೊಣಗಿದ್ದೇನೆ, ಅವರು ನನ್ನೊಡನೆ ಸಭ್ಯವಾಗಿಯೇ ನಡೆದುಕೊಂಡವರು.

ಈ ಬಗೆಯ ಕೆಲಸ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಉಳಿಯತ್ತಡ್ಕದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯವರು ಆನೆಕಾಲಿನ ಊತಕ್ಕೆ ಆಯುರ್ವೇದದ ಔಷಧಿ ನೀರಿನಲ್ಲಿ ಕಾಲು ನೆನೆಸುವುದು, ಯೋಗ, ಒತ್ತುಪಟ್ಟಿ ಮತ್ತು ಇಂಗ್ಲಿಷ್ ಮದ್ದು ಎಲ್ಲವನ್ನೂ ಜೋಡಿಸಿ ಚಿಕಿತ್ಸೆ ಮಾಡುತ್ತಾ, ಊತ ಎಷ್ಟು ಇಳಿಯಿತೆಂದು ಅಳೆದು ವಿದೇಶದ ನಿಯತಕಾಲಿಕಗಳಲ್ಲಿ ಪ್ರಕಟಿಸುತ್ತಾ ಬಂದಿದ್ದಾರೆ. ನಾನು ಹೋದದ್ದು ಅಲ್ಲಿಗಲ್ಲ. ಆದರೆ "ಇದೆಲ್ಲ ಬರೀ ನಂಬಿಕೆ" ಎನ್ನುವವರಿಗೂ "ನಮ್ಮದರಲ್ಲಿ ಅಳೆಯುವುದೆಂಥದ್ದು" ಎನ್ನುವವರಿಗೂ ಉತ್ತರ ನಮ್ಮ ಊರಿನಲ್ಲೇ ಇದೆ ಎಂದು ಹೇಳುವ ಆಸೆ ನನಗೆ.

ಮೊದಲ ಭೇಟಿಗೆ ಬೆಳಿಗ್ಗೆ ಆರೂವರೆಗೆ ಬಸ್ಸು ಹತ್ತಿದೆ. ಕಾಸರಗೋಡಿನಲ್ಲಿ ಇಳಿದು ರೈಲು, ಆಮೇಲೆ ಆಟೋ. ಒಂಬತ್ತಕ್ಕೆ ಬನ್ನಿ ಎಂದಿದ್ದರು. ನನ್ನ ಹೆಸರು ಕರೆದಾಗ ಹನ್ನೊಂದೂ ಕಾಲು. ಮೇಜಿನ ಆಚೆಯ ಯುವ ವೈದ್ಯರು ನಗುತ್ತಾ ಏಳು ಪುಟಗಳ ಕಾಗದವನ್ನು ಮುಂದಿಟ್ಟರು. ಸಮ್ಮತಿ ಪತ್ರ. ಪೂರ್ತಿ ಮಲಯಾಳದಲ್ಲಿ.

ನಾನು ಮಲಯಾಳ ಮಾತನಾಡಬಲ್ಲೆ. ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ನೋಟೀಸು ಓದಬಲ್ಲೆ. ಆದರೆ ನನ್ನ ರಕ್ತವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಹಾನಿಯಾದರೆ ಯಾರು ಹೊಣೆ ಎಂಬುದನ್ನು ಕಾನೂನಿನ ಮಲಯಾಳದಲ್ಲಿ ಓದಿ ಸಹಿ ಹಾಕುವಷ್ಟು ಬಾರದು. "ನಾನು ಓದಿ ಹೇಳುತ್ತೇನೆ ಟೀಚರ್, ಸಹಿ ಮಾಡಿ" ಎಂದರು ವೈದ್ಯರು. "ಕನ್ನಡದಲ್ಲಿ ಇಲ್ಲವೇ?" ಎಂದು ಕೇಳಿದೆ. ಇಲ್ಲ ಎಂದರು. ಹಾಗಾದರೆ ಸಹಿ ಇಲ್ಲ ಎಂದೆ.

ಅದು ಜಗಳವಾಗಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕೆಂದಿದೆ. ವೈದ್ಯರಿಗೆ ಅದು ಗೊತ್ತಿತ್ತು. ಕಾಸರಗೋಡಿನಲ್ಲಿ ಕನ್ನಡ ಓದುವವರು ಬಂದಾರೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ! ಆದರೆ ಅನುವಾದ ಮಾಡಿಸಿದರೆ ಮುಗಿಯುವುದಿಲ್ಲವಂತೆ. ಕನ್ನಡಕ್ಕೆ ತಂದದ್ದನ್ನು ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಹೋಲಿಸಬೇಕು, ಆಮೇಲೆ ಭಾಗವಹಿಸುವವರಿಗೆ ಅನ್ಯಾಯವಾಗದಂತೆ ನೋಡುವ ನೈತಿಕ ಸಮಿತಿ ಸಭೆ ಸೇರಿ ಒಪ್ಪಬೇಕು. ಐದು ವಾರ ಹಿಡಿಯಿತು. ಆ ಐದು ವಾರ ಮಳೆ, ನೋವು, ಮತ್ತು "ಸುಮ್ಮನೆ ಸಹಿ ಹಾಕಬಾರದಿತ್ತೇ ಅಮ್ಮಾ" ಎಂಬ ಮಗನ ಫೋನು.

ತುಳುವರ ಆಟಿ ತಿಂಗಳು ಮುಗಿಯುವ ಹೊತ್ತಿಗೆ, ಅಂದರೆ ಆಗಸ್ಟ್ ನಡುವಿಗೆ, ಕನ್ನಡದ ಕರಡು ಬಂತು. ಓದಿ ನಕ್ಕೆನೋ ಅತ್ತೆನೋ ಈಗ ನೆನಪಿಲ್ಲ. "ನಿಮ್ಮನ್ನು ಪರೀಕ್ಷಿಸುವವರು ಕುರುಡರಾಗಿರುತ್ತಾರೆ" ಎಂದಿತ್ತು. ಸೇರಿದವರನ್ನು ಎರಡು ಗುಂಪು ಮಾಡಿ ಬೇರೆ ಬೇರೆ ಚಿಕಿತ್ಸೆ ಕೊಡುತ್ತಾರೆ, ನಾನು ಯಾವ ಗುಂಪಿನವಳೆಂದು ಅಳತೆ ತೆಗೆಯುವವರಿಗೆ ಗೊತ್ತಿರಬಾರದು ಎಂಬುದನ್ನು ಇಂಗ್ಲಿಷಿನಲ್ಲಿ ಹಾಗೆ ಹೇಳುತ್ತಾರಂತೆ. "ಯಾದೃಚ್ಛಿಕವಾಗಿ ಹಂಚಲಾಗುವುದು" ಎಂಬ ಇನ್ನೊಂದು ಮಾತು. ಅದನ್ನು ನನ್ನ ಹತ್ತನೇ ತರಗತಿಯ ಜಾಣ ಮಕ್ಕಳೂ ಉಚ್ಚರಿಸಲಾರರು. ಚೀಲದಲ್ಲಿ ಹಳೆಯ ಅಭ್ಯಾಸಕ್ಕೆ ಕೆಂಪು ಪೆನ್ನು ಇತ್ತು. "ಚೀಟಿ ಎತ್ತಿದ ಹಾಗೆ ಗುಂಪು ನಿರ್ಧಾರವಾಗುತ್ತದೆ, ಅದನ್ನು ನೀವಾಗಲಿ ವೈದ್ಯರಾಗಲಿ ಆರಿಸುವಂತಿಲ್ಲ" ಎಂದು ಬರೆದುಕೊಟ್ಟೆ. ಭಾಗವಹಿಸುವವರೇ ಸಮ್ಮತಿ ಪತ್ರ ತಿದ್ದಬಹುದೇ ಎಂಬ ಚರ್ಚೆ ನಡೆಯಿತಂತೆ. ಕೊನೆಗೆ ಬೇರೊಬ್ಬ ಅನುವಾದಕರು ನೋಡಿ ಒಪ್ಪಿದರು. ಈಗ ಹೋಗುವವರಿಗೆ ಆ ತೊಂದರೆ ಇಲ್ಲ, ಕನ್ನಡದ ಪತ್ರ ಕೇಳಿದರೆ ಕೊಡುತ್ತಾರೆ. ಕೇಳಬೇಕು, ತಾವಾಗಿ ಕೊಡುವುದಿಲ್ಲ.

ಸಹಿ ಹಾಕಿದ ದಿನ ನನ್ನ ಪಕ್ಕದಲ್ಲಿ ಕುಂಬಳೆ ಕಡೆಯ ಬೀಡಿ ಕಟ್ಟುವ ಹೆಂಗಸೊಬ್ಬರು ಕುಳಿತಿದ್ದರು. ತುಳು ಮಾತು, ಓದು ಬರಹ ಇಲ್ಲ. ಅವರಿಗೆ ಪತ್ರವನ್ನು ಪೂರ್ತಿ ಓದಿ ಹೇಳಬೇಕು, ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿ ಕುಳಿತು ಕೇಳಬೇಕು, ಆಮೇಲೆ ಹೆಬ್ಬೆಟ್ಟು. ಮಂಜೇಶ್ವರದ ಹುಡುಗಿಯೊಬ್ಬಳು ಅಲ್ಲಿ ಸಂಶೋಧನಾ ಸಹಾಯಕಿ. ಅವಳು ತುಳುವಿನಲ್ಲಿ ಹೇಳುತ್ತಾ ಹೋದಳು, ಅರ್ಧಕ್ಕೆ ಹೆಂಗಸು ನಿಲ್ಲಿಸಿ ಕೇಳಿದರು: "ಅಂದರೆ ಮದ್ದು ಕೊಡುವುದಲ್ಲ, ಮದ್ದು ಹಿಡಿಯುತ್ತದೋ ಎಂದು ನೋಡುವುದು?" ಏಳು ಪುಟದ ಸಾರ ಅಷ್ಟೇ. ಎಂಎ ಓದಿದ ನಾನು ಆ ಪ್ರಶ್ನೆ ಕೇಳಿರಲಿಲ್ಲ. ನನ್ನ ತಲೆಯಲ್ಲಿ ಎಣ್ಣೆಯೇ ಇತ್ತು.

ಸಹಿಯಾದ ಮೇಲೆಯೇ ಪರೀಕ್ಷೆಗಳು. ಎಕ್ಸರೇ, ರಕ್ತ, ಮೂತ್ರ ಎಲ್ಲವೂ ಅವರ ಖರ್ಚು. ಅಧ್ಯಯನಕ್ಕೆ ಸೇರಲು ಯಾರಾದರೂ ಹಣ ಕೇಳಿದರೆ ಎದ್ದು ಬನ್ನಿ. ಮೊಣಕಾಲಿನ ಸವೆತವನ್ನು ಎಕ್ಸರೇ ನೋಡಿ ಸೊನ್ನೆಯಿಂದ ನಾಲ್ಕರವರೆಗೆ ಶ್ರೇಣಿ ಹಾಕುತ್ತಾರೆ, ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬವರು 1957ರಲ್ಲಿ ಮಾಡಿಟ್ಟ ಪದ್ಧತಿ. ಇವರಿಗೆ ಬೇಕಾದದ್ದು ಎರಡು ಅಥವಾ ಮೂರು. ನನ್ನದು ಮೂರು. ನಾಲ್ಕು ಬಂದವರನ್ನು ಮೂಳೆ ತಜ್ಞರ ಹತ್ತಿರ ಕಳುಹಿಸಿದರು.

ಪಾಸಾದೆ ಎಂದುಕೊಂಡು ಮನೆಗೆ ಬಂದರೆ ಎರಡು ದಿನ ಬಿಟ್ಟು ಫೋನು. ಯಕೃತ್ತಿನ ಪರೀಕ್ಷೆಯಲ್ಲಿ ಎಸ್‌ಜಿಪಿಟಿ ಜಾಸ್ತಿ, ಯಕೃತ್ತಿಗೆ ಪೆಟ್ಟು ಬಿದ್ದರೆ ರಕ್ತದಲ್ಲಿ ಏರುವ ಅಂಶ ಅದು. "ಟೀಚರ್, ಏನಾದರೂ ತೆಗೆದುಕೊಳ್ಳುತ್ತೀರಾ?" ಇಲ್ಲ ಎಂದೆ. "ನಾಟಿ ಮದ್ದು, ಕಷಾಯ?" ಅದನ್ನು ಯಾರಾದರೂ ಮದ್ದು ಎನ್ನುತ್ತಾರೆಯೇ! ಕೊರೊನಾ ಕಾಲದಿಂದ ಬೆಳಿಗ್ಗೆ ಬರಿಹೊಟ್ಟೆಗೆ ಅಮೃತಬಳ್ಳಿ ಕಷಾಯ, ಮಗ ಕಳುಹಿಸುವ ಅರಿಶಿನದ ಕ್ಯಾಪ್ಸೂಲು, ಮೊಣಕಾಲಿಗೆಂದು ಗ್ಲುಕೋಸಮೈನ್ ಮಾತ್ರೆ. ಒಂದೊಂದಾಗಿ ಹೇಳುತ್ತಾ ಹೋದಂತೆ ಆಚೆಯಲ್ಲಿ ಮಂಜೇಶ್ವರದ ಹುಡುಗಿ ಬರೆಯುವುದು ಕೇಳಿಸುತ್ತಿತ್ತು.

ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ಮುಂಬೈಯ ವೈದ್ಯರು 2021ರಲ್ಲಿ ಪ್ರಕಟಿಸಿದ್ದರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಇದನ್ನು ನನಗೆ ಹೇಳಿದ್ದು ಅಲ್ಲಿಯ ಆಯುರ್ವೇದ ವೈದ್ಯೆಯೇ, ಯಾವ ಕಡೆಗೂ ವಾಲದೆ. ಎಲ್ಲವನ್ನೂ ನಿಲ್ಲಿಸಿ ನಾಲ್ಕು ವಾರ ಬಿಟ್ಟು ಬರಲು ಹೇಳಿದರು. ಸೆಪ್ಟೆಂಬರಿನಲ್ಲಿ ಪರೀಕ್ಷೆ ಸರಿಯಾಗಿ ಬಂತು. ಕಷಾಯದಿಂದಲೇ ಹಾಗಾಯಿತು ಎಂದು ನಾನು ಹೇಳಲಾರೆ, ಮೂರನ್ನೂ ಒಟ್ಟಿಗೆ ಬಿಟ್ಟಿದ್ದೆನಲ್ಲ. ಗ್ಲುಕೋಸಮೈನಿನ ಡಬ್ಬಿಯನ್ನಂತೂ ಮತ್ತೆ ತೆರೆಯಲಿಲ್ಲ. ಮೊಣಕಾಲಿನ ಸವೆತಕ್ಕೆ ಅದು ಬೇಡವೆಂದೇ ಅಮೆರಿಕದ ಕೀಲುರೋಗ ತಜ್ಞರ 2019ರ ಮಾರ್ಗಸೂಚಿ ಹೇಳುತ್ತದಂತೆ. ನೀವು ಹೋಗುವಾಗ ಮನೆಯಲ್ಲಿ ಬಾಯಿಗೆ ಹಾಕುವ ಎಲ್ಲವನ್ನೂ, ಲೇಹ್ಯ ಅರಿಷ್ಟಗಳನ್ನೂ ಸೇರಿಸಿ, ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒಂದು ತಿಂಗಳು ಉಳಿಯುತ್ತದೆ.

ಚಿಕಿತ್ಸೆಗೆ ಮೊದಲು ಒಂದು ಗಂಟೆಯ ಸಂದರ್ಶನ ಇತ್ತು. ಇದು ಎರಡೂ ಗುಂಪಿನವರಿಗೆ. ಮೊಣಕಾಲಿನ ಬಗ್ಗೆ ಹತ್ತು ನಿಮಿಷ, ಉಳಿದದ್ದೆಲ್ಲ ಬೇರೆಯೇ. ಹಸಿವು, ಮಲಬದ್ಧತೆ, ಕೆಲಸ, ಸಾಲ, ಮನೆಯಲ್ಲಿ ಯಾರಿದ್ದಾರೆ. ನಾನು ಮತ್ತು ಒಂದು ದನ ಎಂದೆ. "ರಾತ್ರಿ ನಿದ್ದೆ?" ಮೂರು ಗಂಟೆಗೆ ಎಚ್ಚರವಾಗುತ್ತದೆ ಎಂದೆ. "ಎಚ್ಚರವಾದ ಮೇಲೆ ಏನು ಮಾಡುತ್ತೀರಿ?"

"ಚಾವಡಿಯ ದೀಪ ಹಾಕುತ್ತೇನೆ. ಅವರ ಕುರ್ಚಿಯನ್ನೊಮ್ಮೆ ನೋಡುತ್ತೇನೆ. ದೀಪ ಆರಿಸುತ್ತೇನೆ."

ಬರೆಯುತ್ತಿದ್ದ ವೈದ್ಯೆಯ ಪೆನ್ನು ನಿಂತಿತು. ಮೂರು ವರ್ಷಗಳಲ್ಲಿ ನಾನು ನಾಲ್ಕು ಮೂಳೆ ವೈದ್ಯರನ್ನು ಕಂಡಿದ್ದೇನೆ, ಯಾರೂ ನಿದ್ದೆಯನ್ನು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಮೊಣಕಾಲಿನ ನೋವಿಗೂ ನಿದ್ದೆಗೂ ಒಂಟಿತನಕ್ಕೂ ನಂಟಿದೆ, ಒಂದನ್ನು ಬಿಟ್ಟು ಇನ್ನೊಂದನ್ನು ಅಳೆದರೆ ಲೆಕ್ಕ ತಪ್ಪುತ್ತದೆ ಎಂದು ಆಕೆ ಹೇಳಿದರು. ಇಡೀ ಮನುಷ್ಯನ ಆರೋಗ್ಯ ಎಂದು ಇವರು ಹೇಳುವುದು ಇದನ್ನೇ. ಅಮೆರಿಕದ ಸರಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಈ ಸಂಶೋಧನೆಗೆಂದೇ ಒಂದು ಕೇಂದ್ರವಿದೆಯಂತೆ. ಅದರ ಹೆಸರಿನಲ್ಲಿ "ಪೂರಕ" ಎಂಬರ್ಥದ ಪದದ ಜೊತೆಗಿದ್ದ "ಪರ್ಯಾಯ" ಎಂಬರ್ಥದ ಪದವನ್ನು 2014ರ ಡಿಸೆಂಬರಿನಲ್ಲಿ ತೆಗೆದು, "ಒಗ್ಗೂಡಿಸಿದ" ಎಂಬರ್ಥದ್ದನ್ನು ಇಟ್ಟರಂತೆ. ವ್ಯಾಕರಣ ಕಲಿಸಿದವಳಿಗೆ ಇದು ಸಣ್ಣ ಸಂಗತಿಯಲ್ಲ. ಪರ್ಯಾಯವೆಂದರೆ ಅದರ ಬದಲು ಇದು, ಪೂರಕವೆಂದರೆ ಅದರ ಜೊತೆ ಇದು. ನಮ್ಮವರು ಮಧುಮೇಹದ ಮಾತ್ರೆ ಬಿಟ್ಟು ಹಾಗಲಕಾಯಿ ರಸ ಕುಡಿಯುವುದು ಈ ವ್ಯತ್ಯಾಸ ತಿಳಿಯದೆ.

ಆಮೇಲೆ ಪ್ರಶ್ನಾವಳಿ. ವೊಮ್ಯಾಕ್ ಎಂದು ಅದರ ಹೆಸರು, ಕೆನಡಾದಲ್ಲಿ ಹುಟ್ಟಿದ್ದು, ಒಟ್ಟು 24 ಪ್ರಶ್ನೆ: ನೋವಿಗೆ 5, ಬಿಗಿತಕ್ಕೆ 2, ದಿನದ ಕೆಲಸಗಳಿಗೆ 17. ಸ್ನಾನದ ತೊಟ್ಟಿಗೆ ಇಳಿದು ಏಳುವಾಗ ಎಷ್ಟು ಕಷ್ಟ? ಕಾಲುಚೀಲ ಹಾಕುವಾಗ ಎಷ್ಟು ಕಷ್ಟ? ನಮ್ಮ ಬಚ್ಚಲಿನಲ್ಲಿ ಹಂಡೆ ಇದೆ, ಅದರೊಳಗೆ ಇದುವರೆಗೆ ಯಾರೂ ಇಳಿದಿಲ್ಲ. ಕಾಲುಚೀಲವನ್ನು ನಾನು ಕೊನೆಯ ಸಲ ಹಾಕಿದ್ದು ಮಗನ ಜೊತೆ ಊಟಿಗೆ ಹೋದಾಗ. ಮೆಟ್ಟುಕತ್ತಿಯ ಮುಂದೆ ಕೂರುವುದು, ಜಗಲಿಯಲ್ಲಿ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಉಣ್ಣುವುದು, ಬಗ್ಗಿ ಅಡಿಕೆ ಹೆಕ್ಕುವುದು ಯಾವುದೂ ಅದರಲ್ಲಿಲ್ಲ. ಪ್ರಶ್ನೆ ಬದಲಾಯಿಸಿದರೆ ಬೇರೆ ಅಧ್ಯಯನಗಳ ಜೊತೆ ಹೋಲಿಸಲು ಬರುವುದಿಲ್ಲ ಎಂದರು ವೈದ್ಯರು. ಮಾತು ಸರಿ. ಆದರೂ ನನ್ನ ಮೊಣಕಾಲಿನ ಅರ್ಧ ಕಷ್ಟ ಆ ಹಾಳೆಯ ಹೊರಗೇ ಉಳಿಯಿತು.

ಲಕೋಟೆಯ ದಿನಕ್ಕೆ ಬರುತ್ತೇನೆ. ಖಾಕಿ ಲಕೋಟೆ, ಬೆಳಕಿಗೆ ಹಿಡಿದರೂ ಕಾಣದ ಹಾಗೆ ಒಳಗೆ ಬೆಳ್ಳಿಬಣ್ಣದ ಹಾಳೆ. ಮೇಲೆ ನನ್ನ ಕ್ರಮಸಂಖ್ಯೆ. ನನ್ನೆದುರೇ ಒಡೆದರು. ಒಂದು ಗುಂಪಿಗೆ ವ್ಯಾಯಾಮ, ಬೇಕಾದಾಗ ನೋವಿನ ಮಾತ್ರೆ. ಇನ್ನೊಂದು ಗುಂಪಿಗೆ ಅದರ ಜೊತೆ ಯೋಗ ಮತ್ತು ಜಾನುಬಸ್ತಿ, ಅಂದರೆ ಮೊಣಕಾಲಿನ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ತೈಲ ತುಂಬಿ ಇಡುವುದು. ನನಗೆ ಬಂದದ್ದು ಮೊದಲನೆಯದು. ಬೀಡಿಯ ಅಕ್ಕನಿಗೆ ಎಣ್ಣೆಯ ಗುಂಪು.

ಕಣ್ಣು ತುಂಬಿದ್ದು ನಿಜ, ಮುಚ್ಚಿಡುವುದಿಲ್ಲ. ಐದು ವಾರ ಕಾದು, ಕಷಾಯ ಬಿಟ್ಟು, ಇಷ್ಟು ದೂರ ಬಂದು ವ್ಯಾಯಾಮ! ರೈಲಿನಲ್ಲಿ ಇಡೀ ದಾರಿ ಬಿಟ್ಟುಬಿಡುವ ಯೋಚನೆ. ಬಿಡಬಹುದು, ಯಾವಾಗ ಬೇಕಾದರೂ, ಕಾರಣ ಹೇಳದೆ. ಅದು ಪತ್ರದಲ್ಲೇ ಇದೆ, ನಾನೇ ತಿದ್ದಿದ ವಾಕ್ಯ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ವಾಕ್ಯ: 24 ವಾರ ಮುಗಿದ ಮೇಲೆ ಮೊದಲ ಗುಂಪಿನವರಿಗೂ ಆ ಚಿಕಿತ್ಸೆ ಉಚಿತ.

ವ್ಯಾಯಾಮವೆಂದರೆ ಇಷ್ಟೇ: ಕಾಲು ಚಾಚಿ, ಮೊಣಕಾಲಿನಡಿ ಸುತ್ತಿದ ಬೈರಾಸು (ಟವೆಲ್) ಇಟ್ಟು, ಅದನ್ನು ಕೆಳಕ್ಕೆ ಅದುಮಿ ಐದು ಎಣಿಸುವುದು. ಕುರ್ಚಿಯಲ್ಲಿ ಕುಳಿತು ಕಾಲು ನೇರ ಮಾಡುವುದು. ಗೋಡೆ ಹಿಡಿದು ನಿಲ್ಲುವುದು. ದಿನಕ್ಕೆ ಎರಡು ಹೊತ್ತು, ಮಾಡಿದ್ದನ್ನು ಡೈರಿಯಲ್ಲಿ ಗುರುತಿಸುವುದು. ಮೊದಲ ತಿಂಗಳು ಸಿಟ್ಟಿನಲ್ಲಿ ಮಾಡಿದೆ. ಡೈರಿಯಲ್ಲಿ ಸುಳ್ಳು ಬರೆಯಬೇಡಿ ಎಂದು ಹುಡುಗಿ ಎರಡೆರಡು ಸಲ ಹೇಳಿದ್ದಳು. ನಲವತ್ತು ಮಕ್ಕಳ ಮನೆಗೆಲಸ ನೋಡಿದವಳಿಗೆ ಅದು ಹೇಳಬೇಕೇ?

ಅಕ್ಟೋಬರಿನಲ್ಲಿ ಜ್ವರ ಬಂದು ಊರಿನ ಆಸ್ಪತ್ರೆಯಲ್ಲಿ ಎರಡು ರಾತ್ರಿ ಮಲಗಿದ್ದೆ. ಮಾತಿಗೆ ಹುಡುಗಿಗೆ ಹೇಳಿದೆ. ಗಡಬಡಿಸಿದಳು. ಕಾರಣ ಏನೇ ಇರಲಿ, ಅಧ್ಯಯನದಲ್ಲಿರುವವರು ಆಸ್ಪತ್ರೆಗೆ ದಾಖಲಾದರೆ ಅದು ಗಂಭೀರ ಘಟನೆ, ತಿಳಿದ ಇಪ್ಪತ್ತನಾಲ್ಕು ಗಂಟೆಯೊಳಗೆ ವರದಿ ಮಾಡಬೇಕಂತೆ. ಡಿಸ್ಚಾರ್ಜ್ ಚೀಟಿಯ ಫೋಟೋ, ರಕ್ತದ ವರದಿಯ ಫೋಟೋ, ಮತ್ತೆ ಮತ್ತೆ ಫೋನು. ಆ ಚೀಟಿಗಳನ್ನು ಬಿಸಾಡಬೇಡಿ.

ಇನ್ನೊಂದು ವಿಚಿತ್ರ ನಿಯಮ. ಅಳತೆಗೆ ಹೋಗುವ ಎರಡು ದಿನ ಮೊದಲಿನಿಂದ ಯಾರೂ ಮೈಗೆ ಎಣ್ಣೆ ಹಚ್ಚಬಾರದು, ಸಾಬೂನು ಹಾಕಿ ಮಿಂದು ಬರಬೇಕು. ತೈಲದ ವಾಸನೆ ಬಂದರೆ ಅಳೆಯುವವಳಿಗೆ ಗುಂಪು ಗೊತ್ತಾಗಿಬಿಡುತ್ತದೆ! ನಾನು ತಲೆಗೆ ತೆಂಗಿನೆಣ್ಣೆ ಕೂಡ ಹಚ್ಚದೆ ಹೋಗಬೇಕಾಯಿತು. ಬೀಡಿಯ ಅಕ್ಕನೂ ನಾನೂ ಎದುರಾದರೆ ಕಣ್ಣಿನಲ್ಲೇ ನಗುತ್ತಿದ್ದೆವು, ಮಾತಿಲ್ಲ.

ಹನ್ನೆರಡನೇ ವಾರ, ಡಿಸೆಂಬರ್. ಕುರ್ಚಿಯಿಂದ ಅರ್ಧ ನಿಮಿಷಕ್ಕೆ ಏಳು ಸಲ ಏಳುತ್ತಿದ್ದವಳು ಹತ್ತು ಸಲ ಎದ್ದೆ. ವೈದ್ಯರ ಹತ್ತಿರ ಹೆಮ್ಮೆಯಿಂದಲೇ ಕೇಳಿದೆ, ನಿಮ್ಮ ಎಣ್ಣೆ ಇಲ್ಲದೆಯೂ ಹೀಗಾಯಿತಲ್ಲ? ಅವರು ಹೇಳಿದ್ದು ಚೆನ್ನಾಗಿತ್ತು. ಜನ ನಮ್ಮಲ್ಲಿಗೆ ಬರುವುದು ನೋವು ನೆತ್ತಿಗೇರಿದಾಗ. ನೆತ್ತಿಗೇರಿದ್ದು ಏನೂ ಮಾಡದಿದ್ದರೂ ಒಂದಷ್ಟು ಇಳಿಯುತ್ತದೆ. ಮಳೆಯೂ ನಿಂತಿದೆ. ವ್ಯಾಯಾಮಕ್ಕೂ ಫಲವಿದೆ, ಅದು ಮೊದಲೇ ಗೊತ್ತಿರುವುದು. ಒಂದು ಗಂಟೆ ಕುಳಿತು ನಿಮ್ಮ ಮಾತು ಕೇಳಿದೆವಲ್ಲ, ಅದಕ್ಕೂ ಇದೆ. ಇಷ್ಟೆಲ್ಲ ಎರಡೂ ಗುಂಪಿಗೆ ಸಮವಾಗಿ ಸಿಕ್ಕಿದ ಮೇಲೆ, ಎಣ್ಣೆ ಮತ್ತು ಯೋಗದಿಂದ ಏನಾದರೂ ಹೆಚ್ಚು ಸಿಕ್ಕಿತೇ ಎಂದು ನೋಡಬೇಕು. "ನೀವಿಲ್ಲದೆ ಆ ಲೆಕ್ಕ ಇಲ್ಲ ಟೀಚರ್" ಎಂದರು. ಸಮಾಧಾನಕ್ಕೆ ಹೇಳಿದರೋ ಏನೋ, ಆವತ್ತಿನಿಂದ ಬೈರಾಸಿನ ಮೇಲಿನ ಸಿಟ್ಟು ಹೋಯಿತು.

ಖರ್ಚಿನ ಮಾತು. ಒಂದು ಭೇಟಿಗೆ ಬಸ್ಸು, ರೈಲು, ಆಟೋ, ಊಟ ಸೇರಿ ನನಗೆ 300 ರೂಪಾಯಿಯ ಹತ್ತಿರ ಬೀಳುತ್ತಿತ್ತು, ಅವರು ಕೊಡುತ್ತಿದ್ದದ್ದು 250. ಅದೂ ಬ್ಯಾಂಕಿಗೆ. ನನ್ನ ಆಧಾರಿನಲ್ಲಿ ಹೆಸರಿನ ಮುಂದೆ ಇನಿಶಿಯಲ್ ಇದೆ, ಪಾಸ್‌ಬುಕ್ಕಿನಲ್ಲಿ ಹಿಂದೆ. ಹಾಗಾಗಿ ಮೂರು ಭೇಟಿಯ ಹಣ ಜನವರಿಯವರೆಗೆ ಸಿಕ್ಕಿಬಿದ್ದಿತ್ತು. ಎರಡರಲ್ಲೂ ಹೆಸರು ಒಂದೇ ಥರ ಇದೆಯೇ ನೋಡಿಕೊಂಡು ಹೋಗಿ. ಅಡಿಕೆ ಕೊಯ್ಲಿನ ದಿನ ಭೇಟಿ ಬಿದ್ದರೆ ತಾರೀಕು ಬದಲಾಯಿಸಲು ಕೇಳಿ, ಆಚೀಚೆ ಒಂದು ವಾರ ಕೊಡುತ್ತಾರೆ. ಸೇರುವ ಮೊದಲು ಅಧ್ಯಯನದ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ ಬರೆದುಕೊಳ್ಳಿ. ಚಿಕಿತ್ಸಾ ಅಧ್ಯಯನಗಳನ್ನು ದಾಖಲಿಸುವ ಭಾರತದ ಈ ನೋಂದಣಿ ಪುಸ್ತಕ 2007ರಿಂದ ಇದೆ, ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಬಹುದು. ಸಂಖ್ಯೆ ಹೇಳಲು ತಡವರಿಸುವವರ ಹತ್ತಿರ ರಕ್ತ ಕೊಡಬೇಡಿ.

ಮಾರ್ಚ್ ಮೊದಲ ವಾರ ಕೊನೆಯ ಅಳತೆ. ಹನ್ನೊಂದು ಸಲ ಎದ್ದೆ. ನೋವಿನ ಗೆರೆಯಲ್ಲಿ ನನ್ನ ಗುರುತು ಮಧ್ಯಕ್ಕಿಂತ ಸ್ವಲ್ಪ ಈಚೆ ಬಿತ್ತು, ಸೆಪ್ಟೆಂಬರಿನಲ್ಲಿ ಬಹಳ ಆಚೆ ಇತ್ತು. ನಿದ್ದೆ ಈಗಲೂ ಮೂರಕ್ಕೇ ಮುರಿಯುತ್ತದೆ. ಅಳತೆ ತೆಗೆದ ಹುಡುಗಿ (ಮಂಜೇಶ್ವರದವಳಲ್ಲ, ಬೇರೊಬ್ಬಳು) ಕೊನೆಗೆ ಇನ್ನೊಂದು ಹಾಳೆ ತೆಗೆದಳು. ನಾನು ಯಾವ ಗುಂಪಿನವಳೆಂದು ಅವಳು ಊಹಿಸಿ ಬರೆಯಬೇಕಂತೆ, ಗುಟ್ಟು ಎಷ್ಟರಮಟ್ಟಿಗೆ ಉಳಿದಿದೆಯೆಂದು ತಿಳಿಯಲು. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಏನೋ ಬರೆದು ಮಡಚಿದಳು. ಕೇಳುವಂತಿಲ್ಲ, ಹೇಳುವಂತಿಲ್ಲ. ಫಲಿತಾಂಶ ಬರಲು ಉಳಿದವರೆಲ್ಲ ಮುಗಿಸಬೇಕು, ಇನ್ನೂ ಒಂದು ವರ್ಷವಾದರೂ ಹಿಡಿಯುತ್ತದಂತೆ.

ನನ್ನ ಜಾನುಬಸ್ತಿ ಬರುವ ಸೋಮವಾರದಿಂದ. ಎಣ್ಣೆಯ ಕಲೆ ಹೋಗುವುದಿಲ್ಲ, ಹಳೆಯ ಸೀರೆ ಉಟ್ಟುಕೊಂಡು ಬನ್ನಿ ಎಂದಿದ್ದಾರೆ.